ಬರಕ್ಕೆ ಬಗ್ಗದ ಗಡ್ಡೆ

ಮಾನ್ವಿಯಲ್ಲಿರುವ ನಮ್ಮ ಕಾಕಾ ಕಿಡ್ನಿ ಕ್ಯಾನ್ಸರಿಗೆ ಸುನಿಟಿನಿಬ್ ಎಂಬ ಗುಳಿಗೆ ನುಂಗಲು ಶುರು ಮಾಡಿ ಕೆಲವು ವಾರ ಕಳೆದಿರಬೇಕು, ಅಂಗೈ, ಮುಖವೆಲ್ಲ ಅರಿಶಿಣ ಬಳಿದಂತೆ ಹಳದಿಯಾಯಿತು. ಮನೆಯವರು ಕಾಮಾಲೆ ಎಂದೇ ತೀರ್ಮಾನಿಸಿ, ಪಕ್ಕದ ಹಳ್ಳಿಯಲ್ಲಿ ಬೇರು ಕೊಡುವವರ ಬಳಿಗೆ ಹೊರಟಿದ್ದರು. ಡಾಕ್ಟರು ಫೋನಿನಲ್ಲೇ ತಡೆದರು: "ಮೊದಲ ಕಣ್ಣು ನೋಡ್ರಿ, ಬಿಳಿಗುಡ್ಡಿ ಹಳದಿ ಆಗೈತೇನು?" ಆಗಿರಲಿಲ್ಲ. "ಹಂಗಾದ್ರ ಅದು ಗುಳಿಗಿ ಬಣ್ಣ. ಆದ್ರೂ ಒಮ್ಮೆ ರಕ್ತ ಕೊಟ್ಟು ಲಿವರ್ ಟೆಸ್ಟ್ ಮಾಡಿಸಿಬಿಡ್ರಿ."

ಆ ಬಣ್ಣದ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಗಡ್ಡೆಯ ವಿಚಾರ.

ಕಿಡ್ನಿ ಕ್ಯಾನ್ಸರುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು 'ಕ್ಲಿಯರ್ ಸೆಲ್' ಜಾತಿಯವು. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ವಿಎಚ್ಎಲ್ ಎಂಬ ಜೀನ್ ಕೆಟ್ಟಿರುತ್ತದೆ. ಕೋಶಕ್ಕೆ ಆಮ್ಲಜನಕ ಸಾಕಷ್ಟು ಸಿಗುತ್ತಿರುವಾಗ ಎಚ್ಐಎಫ್ ಎಂಬ ಪ್ರೋಟೀನನ್ನು ಹಿಡಿದು ನಾಶಕ್ಕೆ ಒಪ್ಪಿಸುವುದು ವಿಎಚ್ಎಲ್ ಕೆಲಸ. ಅದು ಕೆಟ್ಟರೆ ಎಚ್ಐಎಫ್ ಉಳಿದುಬಿಡುತ್ತದೆ. ಹೊಟ್ಟೆ ತುಂಬಿದ್ದರೂ ಕೋಶ ಉಸಿರುಗಟ್ಟಿದವರ ಹಾಗೆ ಹುಯಿಲಿಟ್ಟು, ತನ್ನ ಕಡೆ ಹೊಸ ರಕ್ತನಾಳ ಬೆಳೆಯುವಂತೆ ಸಂದೇಶ ಕಳಿಸುತ್ತದೆ. ಆಮ್ಲಜನಕದ ಈ ಲೆಕ್ಕಾಚಾರವನ್ನು ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ಯಾರೋ ಪಂಪ್‌ಸೆಟ್ ಇಳಿಸಿ ನೀರು ಎಳೆದುಕೊಂಡರೆ ಕಾಕಾನ ಹೊಲದ ತೂಬಿಗೆ ಏನು ಬರುತ್ತದೆಂದು ಅವರು ಪ್ರತಿ ವರ್ಷ ನೋಡಿದ್ದಾರೆ.

2006ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸುನಿಟಿನಿಬ್ ಮಾಡುವುದು ಆ ಪಂಪ್‌ಸೆಟ್ ಬಂದ್ ಮಾಡುವ ಕೆಲಸ. ರಕ್ತನಾಳ ಬೆಳೆಸುವ ಸಂದೇಶವನ್ನು ಅದು ತಡೆಯುತ್ತದೆ, ಗಡ್ಡೆ ಕುಗ್ಗುತ್ತದೆ. ಆದರೆ 2007ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸುಮಾರು 11 ತಿಂಗಳಾಗುವಷ್ಟರಲ್ಲಿ ಅರ್ಧದಷ್ಟು ಜನರಲ್ಲಿ ರೋಗ ಮತ್ತೆ ಮುಂದುವರಿದಿತ್ತು. ನೀರು ನಿಲ್ಲಿಸಿದ ಮೇಲೂ ಗಡ್ಡೆ ಏನು ತಿಂದು ಬದುಕಿತು?

ಉತ್ತರದ ಒಂದು ಪಾಲು: ತನ್ನನ್ನೇ. ನಮ್ಮಮ್ಮ ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಟ್ರಂಕು ತೆಗೆದು ಹರಿದ ಸೀರೆ, ಸವೆದ ಧೋತರ, ನನ್ನ ಚಿಕ್ಕಂದಿನ ಅಂಗಿ ಎಲ್ಲ ಕತ್ತರಿಸಿ ಕೌದಿ ಹೊಲೆಯುತ್ತಿದ್ದಳು. ಅಂಗಡಿಗೆ ಹೋಗಿ ಹೊದಿಕೆ ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಕೋಶವೂ ಹಾಗೆಯೇ: ಹಳೆಯ ಪ್ರೋಟೀನು, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳಲ್ಲಿ ಕೆಟ್ಟವನ್ನು ಎರಡು ಪದರದ ಚೀಲದಲ್ಲಿ ಕಟ್ಟಿ, ಲೈಸೋಸೋಮ್ ಎಂಬ ಆಮ್ಲ ತುಂಬಿದ ಅರಗಿಸುವ ಚೀಲಕ್ಕೆ ಸುರಿದು, ಬಿಡಿಭಾಗ ಮಾಡಿಕೊಂಡು ಮತ್ತೆ ಬಳಸುತ್ತದೆ. ಇದಕ್ಕೆ 1963ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ 'ಆಟೋಫೇಜಿ', ಅಂದರೆ ತನ್ನನ್ನು ತಾನೇ ತಿನ್ನುವುದು, ಎಂದು ಹೆಸರಿಟ್ಟರು. ಜಪಾನಿನ ಯೊಶಿನೊರಿ ಓಸುಮಿ ಯೀಸ್ಟನ್ನು ಉಪವಾಸ ಕೆಡವಿ ಇದರ ಜೀನ್‌ಗಳನ್ನು ಪತ್ತೆಹಚ್ಚಿದರು. ಅರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ಆರಿಸಿಕೊಂಡದ್ದು ಅವರ ಜಾಣತನ. ಅರಗದ ಚೀಲಗಳು ಒಳಗೇ ಗುಡ್ಡೆಬಿದ್ದು ಸೂಕ್ಷ್ಮದರ್ಶಕಕ್ಕೆ ಕಂಡವು. 2016ರ ನೊಬೆಲ್ ಅವರದು.

ಆ ನೊಬೆಲ್ ವಾಟ್ಸಾಪಿಗೆ ಬಂದ ಮೇಲೆ 'ಉಪವಾಸ ಮಾಡಿ, ಆಟೋಫೇಜಿಯಿಂದ ಕ್ಯಾನ್ಸರ್ ಮಾಯ' ಆಗಿಬಿಟ್ಟಿದೆ. ಕಾಕಾ ನನಗೂ ಕಳಿಸಿದ್ದರು: "ಒಪ್ಪತ್ತು ಉಂಡ್ರ ಗಡ್ಡಿ ತನ್ನನ್ನ ತಾನ ತಿಂದ್ಕೊಂಡು ಹೊಕ್ಕೈತಂತ, ಹೌದೇನಪ?" ಇಲ್ಲ. ಆರೋಗ್ಯವಂತ ಕೋಶದಲ್ಲಿ ಆಟೋಫೇಜಿ ಕಸ ಗುಡಿಸಿ ಕ್ಯಾನ್ಸರ್ ಹುಟ್ಟದಂತೆ ತಡೆಯುವುದು ನಿಜ. ಬೆಳೆದು ನಿಂತ ಗಡ್ಡೆಗೆ ಮಾತ್ರ ಅದೇ ಬರದ ಕಾಲದ ಬುತ್ತಿ.

ಇನ್ನೂ ತಮಾಷೆಯೆಂದರೆ ಕಿಡ್ನಿ ಕ್ಯಾನ್ಸರಿಗೇ ಕೊಡುವ ಎವರೊಲಿಮಸ್ ಎಂಬ ಇನ್ನೊಂದು ಔಷಧಿ. ಇದರ ಮೂಲದ ರಾಪಮೈಸಿನ್ ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಾಣುವಿನಲ್ಲಿ. ಅದರ ಹಿಂದೆ ಬಿದ್ದವರು ಭಾರತ ಮೂಲದ ಸುರೇಂದ್ರನಾಥ ಸೆಹಗಲ್. ಕೋಶಕ್ಕೆ 'ಬೆಳೆ' ಎಂದು ಹೇಳುವ ಎಂಟಾರ್ ಪ್ರೋಟೀನನ್ನು ಎವರೊಲಿಮಸ್ ಅಡಗಿಸುತ್ತದೆ. ಆದರೆ ಆಟೋಫೇಜಿಗೆ ಬ್ರೇಕ್ ಹಾಕಿ ಕೂತಿದ್ದದ್ದೂ ಅದೇ ಎಂಟಾರ್! ಬೆಳವಣಿಗೆ ನಿಲ್ಲಿಸಲು ಹೋದ ಔಷಧಿ ಗಡ್ಡೆಯ ಕೈಗೆ ಸೂಜಿದಾರ ಕೊಟ್ಟಂತಾಯಿತು.

ಈಗ ಹಳದಿ ಬಣ್ಣಕ್ಕೆ ಬರೋಣ. ಸುನಿಟಿನಿಬ್ ಪುಡಿಯೇ ಹಳದಿ, ತಕ್ಕ ಬೆಳಕು ಬಿಟ್ಟರೆ ತಾನಾಗಿ ಹೊಳೆಯುತ್ತದೆ. 2011ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಕ್ಯಾನ್ಸರ್ ಕೋಶಗಳಲ್ಲಿ ಈ ಹೊಳಪು ಎಲ್ಲಿದೆಯೆಂದು ಹುಡುಕಿದರೆ, ಲೈಸೋಸೋಮುಗಳ ಒಳಗೆ ಚುಕ್ಕಿ ಚುಕ್ಕಿಯಾಗಿ ಕೂತಿತ್ತು. ಔಷಧಿ ದುರ್ಬಲ ಕ್ಷಾರ. ಆಮ್ಲದ ಚೀಲದೊಳಗೆ ನುಸುಳಿದರೆ ಅಲ್ಲಿ ವಿದ್ಯುದಾವೇಶ ಹೊತ್ತು ಹೊರಬರಲಾಗದೆ, ತಲುಪಬೇಕಾದಲ್ಲಿಗೆ ತಲುಪದೆ ಸಿಕ್ಕಿಬೀಳುತ್ತದೆ. ಕಾಕಾನ ತೊಗಲಿಗೆ ಏರಿದ ಬಣ್ಣವೇ ಪ್ರಯೋಗಾಲಯದಲ್ಲಿ ಔಷಧಿಯ ಸೆರೆಮನೆಯನ್ನು ತೋರಿಸಿಕೊಟ್ಟಿತು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಅಂದರೆ ಕೌದಿ ಹೊಲೆಯುವುದೂ ಔಷಧಿಯನ್ನು ಸೆರೆಹಿಡಿಯುವುದೂ ಒಂದೇ ಕೋಣೆಯಲ್ಲಿ, ಲೈಸೋಸೋಮಿನಲ್ಲಿ. ಆ ಕೋಣೆಯನ್ನೇ ಕೆಡಿಸಿದರೆ? ಅದಕ್ಕೆ ಹಳೆಯ ಮಲೇರಿಯಾ ಗುಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಇದೆ. ಅದೂ ಕ್ಷಾರ, ಅದೂ ಅಲ್ಲೇ ಸೇರಿಕೊಂಡು ಅರಗಿಸುವ ಕೆಲಸ ನಿಲ್ಲಿಸುತ್ತದೆ. ಮೊದಲೇ ಬೇರೆ ಚಿಕಿತ್ಸೆ ಪಡೆದಿದ್ದ ಕಿಡ್ನಿ ಕ್ಯಾನ್ಸರ್ ರೋಗಿಗಳಿಗೆ ಎವರೊಲಿಮಸ್ ಜೊತೆ ಇದನ್ನು ಕೊಟ್ಟ ಅಮೆರಿಕದ ಪರೀಕ್ಷೆಯೊಂದರ ಫಲಿತಾಂಶ 2019ರಲ್ಲಿ ಬಂತು. ಲೆಕ್ಕಕ್ಕೆ ಸಿಕ್ಕ 33 ಮಂದಿಯಲ್ಲಿ ಶೇ. 45ರಷ್ಟು ಜನರಿಗೆ ಆರು ತಿಂಗಳು ರೋಗ ಮುಂದುವರಿಯಲಿಲ್ಲ. ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇ. 6ರಷ್ಟು ಜನರಲ್ಲಿ ಮಾತ್ರ. ಎವರೊಲಿಮಸ್ ಒಂದನ್ನೇ ಪಡೆದ ಗುಂಪು ಪಕ್ಕದಲ್ಲಿ ಇರಲಿಲ್ಲ, ಹಾಗಾಗಿ ಗೆಲುವು ಯಾವುದರದ್ದೆಂದು ಖಚಿತವಾಗಿ ಹೇಳಲಾಗದು. ದಾರಿ ಇದೆ ಎಂಬಷ್ಟಕ್ಕೆ ಇದು ಸಾಕ್ಷಿ. ಮದ್ದು ಸಿಕ್ಕಿತು ಎನ್ನಲು ಸಾಲದು. ಅಲ್ಲಿ ಕೊಟ್ಟದ್ದು ದಿನಕ್ಕೆರಡು ಸಲ 600 ಮಿಲಿಗ್ರಾಂ, ದೊಡ್ಡ ಡೋಸು. ಕೊರೊನಾ ಕಾಲದಲ್ಲಿ ಮೆಡಿಕಲ್ ಶಾಪಿಗೆ ಮುಗಿಬಿದ್ದು ಇದೇ ಗುಳಿಗೆ ಕೊಂಡವರು ನಮ್ಮಲ್ಲೂ ಇದ್ದಾರೆ. ಕಣ್ಣಿನ ಪರದೆಗೂ ಹೃದಯದ ಬಡಿತಕ್ಕೂ ಪೆಟ್ಟು ಕೊಡಬಲ್ಲ ವಸ್ತು ಅದು.

ಈ ದಾರಿಯಲ್ಲಿ ಒಂದು ತೊಡಕೂ ಇದೆ. ಆಟೋಫೇಜಿಯ ಚೀಲ ಕಟ್ಟಲು ಎಲ್‌ಸಿ3 ಎಂಬ ಪ್ರೋಟೀನು ಬೇಕು, ಅದರಲ್ಲಿ 3ಬಿ, 3ಸಿ ಎಂಬ ಅಣ್ಣತಮ್ಮಂದಿರಂಥ ಬಗೆಗಳಿವೆ. 2012ರಲ್ಲಿ ಗೊತ್ತಾದದ್ದೇನೆಂದರೆ, ಕ್ಲಿಯರ್ ಸೆಲ್ ಗಡ್ಡೆ ಬೆಳೆಯಲು 3ಬಿ ನೆರವಾಗುತ್ತದೆ, 3ಸಿ ಅದನ್ನು ತಡೆಯುತ್ತದೆ. ವಿಎಚ್ಎಲ್ ಸರಿಯಿದ್ದರೆ 3ಬಿಯನ್ನು ಅಡಗಿಸಿ 3ಸಿಗೆ ಬಲ ಕೊಡುತ್ತದೆ. ಕೆಟ್ಟರೆ ಎಲ್ಲ ತಿರುವುಮುರುವು. ಹೈಡ್ರಾಕ್ಸಿಕ್ಲೋರೋಕ್ವಿನ್ ಇಬ್ಬರನ್ನೂ ಒಂದೇ ಏಟಿಗೆ ಕೆಡವುತ್ತದೆ. 3ಬಿಯ ದಾರಿಯನ್ನಷ್ಟೇ ಕಟ್ಟಿ 3ಸಿಯನ್ನು ಉಳಿಸುವ ಔಷಧಿ ಬೇಕು.

ಕಾಕಾಗೆ ಈಗ ಗುಳಿಗೆ ಬದಲಾಗಿದೆ. ಅಂಗೈ ಹಳದಿ ಇಳಿದಿದೆ.