ಪದ ಪರಿಚಯ: ವರದಿಯ ಯೋಜನೆ

ಒಂದು ವಿಷಯಕ್ಕೆ ಸಂಬಂಧಿಸಿದ, ಸರಿಯೋ ತಪ್ಪೋ ಎಂದು ಪರಿಶೀಲಿಸಿ ನೋಡಬಹುದಾದ ಸಂಗತಿಗಳನ್ನು ಕ್ರಮವಾಗಿ ತಿಳಿಸುವ ಬರಹವನ್ನು ಮಾಹಿತಿ ವರದಿ ಎನ್ನುತ್ತೇವೆ. ಅಂಥ ವರದಿಯನ್ನು ಬರೆಯಲು ತೊಡಗುವ ಮೊದಲು ಯಾವ ಪ್ರಶ್ನೆಗಳಿಗೆ ಉತ್ತರ ಬೇಕು, ಆ ಉತ್ತರಗಳನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದರಲ್ಲಿ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತೀರ್ಮಾನಿಸಿ ಬರೆದಿಟ್ಟುಕೊಳ್ಳುವುದೇ ವರದಿಯ ಯೋಜನೆ. ಮಕ್ಕಳಿಗೆ ಇದನ್ನು ಕಲಿಸಲು ಪ್ರಾಣಿಯೊಂದರ ಆಹಾರ ಎಂಬ ವಿಷಯ ಬಹಳ ಹೊಂದುತ್ತದೆ. ವಿಷಯದ ವ್ಯಾಪ್ತಿ ಚಿಕ್ಕದು, ಮಕ್ಕಳಿಗೆ ಅದರಲ್ಲಿ ಸಹಜವಾದ ಕುತೂಹಲವಿದೆ, ಮತ್ತು ಉತ್ತರಗಳು ಸಾಮಾನ್ಯವಾಗಿ ಗ್ರಂಥಾಲಯದ ಪುಸ್ತಕಗಳಲ್ಲೇ ದೊರೆಯುತ್ತವೆ.

ಯೋಜನೆಯಿಲ್ಲದೆ ಬರೆದ ವರದಿ ಹೀಗಿರುತ್ತದೆ: ‘ಆನೆ ದೊಡ್ಡ ಪ್ರಾಣಿ. ಆನೆ ಹುಲ್ಲು ತಿನ್ನುತ್ತದೆ. ನನಗೆ ಆನೆ ಇಷ್ಟ. ಆನೆಯ ಕಿವಿ ಅಗಲ. ಆನೆ ಎಲೆಯನ್ನೂ ತಿನ್ನುತ್ತದೆ.’ ಇಲ್ಲಿ ಸುಳ್ಳು ಒಂದೂ ಇಲ್ಲ, ಭಾಷೆಯೂ ತಪ್ಪಿಲ್ಲ. ಆದರೆ ಒಂದು ವಾಕ್ಯಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲ, ಮತ್ತು ಮಗು ಈ ಐದು ವಾಕ್ಯಗಳನ್ನು ಬರೆಯಲು ಏನನ್ನೂ ಹೊಸದಾಗಿ ತಿಳಿದುಕೊಳ್ಳಬೇಕಾಗಿ ಬಂದಿಲ್ಲ. ಇದಕ್ಕೆ ಪರಿಹಾರವೆಂದು ‘ಪೀಠಿಕೆ, ಆಹಾರ, ಉಪಸಂಹಾರ’ ಎಂಬ ಶೀರ್ಷಿಕೆಗಳನ್ನು ಕೊಟ್ಟು ಖಾಲಿ ಜಾಗವನ್ನು ತುಂಬಿಸಲು ಹೇಳುವ ರೂಢಿಯಿದೆ. ಅದರಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲವೆಂದೇ ನಾನು ನಂಬುತ್ತೇನೆ, ಏಕೆಂದರೆ ಶೀರ್ಷಿಕೆಯನ್ನು ಕಂಡ ಮಗು ಪುಸ್ತಕದ ಸಾಲುಗಳನ್ನು ತಂದು ಅದರ ಕೆಳಗೆ ಇಳಿಸಿಬಿಡುತ್ತದೆ. ಪ್ರಶ್ನೆಯನ್ನು ಕಂಡರೆ ಉತ್ತರಕ್ಕಾಗಿ ಓದಲೇಬೇಕಾಗುತ್ತದೆ. ಆದ್ದರಿಂದ ಯೋಜನೆಯ ಹಾಳೆಯಲ್ಲಿ ಮೊದಲು ಇರಬೇಕಾದದ್ದು ಮಗುವೇ ಕೇಳಿಕೊಂಡ ಪ್ರಶ್ನೆಗಳು.

ಆನೆಯನ್ನೇ ತೆಗೆದುಕೊಳ್ಳೋಣ. ‘ಏನು ತಿನ್ನುತ್ತದೆ?’ ಎಂಬುದು ಎಲ್ಲ ಮಕ್ಕಳಿಗೂ ಹೊಳೆಯುವ ಪ್ರಶ್ನೆ: ಹುಲ್ಲು, ಎಲೆ, ತೊಗಟೆ, ಬೇರು, ಹಣ್ಣು ಎಂದು ಉತ್ತರವೂ ಬೇಗ ಸಿಗುತ್ತದೆ. ‘ಹೇಗೆ ತಿನ್ನುತ್ತದೆ?’ ಎಂದು ಕೇಳಿದಾಗ ವರದಿಗೆ ಜೀವ ಬರುತ್ತದೆ. ಆನೆ ಸೊಂಡಿಲಿನಿಂದ ನೀರು ಕುಡಿಯುತ್ತದೆಂದು ಅನೇಕ ಮಕ್ಕಳು ತಿಳಿದಿರುತ್ತಾರೆ. ನಿಜವಾಗಿ ಅದು ನೀರನ್ನು ಸೊಂಡಿಲಿಗೆ ಎಳೆದುಕೊಂಡು ಆಮೇಲೆ ಬಾಯಿಗೆ ಸುರಿದುಕೊಳ್ಳುತ್ತದೆ. ‘ಅಗಿಯುವುದು ಹೇಗೆ?’ ಎಂದರೆ ದವಡೆಹಲ್ಲುಗಳ ವಿಚಾರ ಬರುತ್ತದೆ: ಅವು ಸವೆದಂತೆ ಹಿಂದಿನಿಂದ ಹೊಸವು ಮುಂದೆ ಸರಿದು ಬರುತ್ತವೆ, ಜೀವಮಾನದಲ್ಲಿ ಹೀಗೆ ಒಟ್ಟು 6 ಸರದಿಯ ಹಲ್ಲುಗಳು ಬರುತ್ತವೆ, ಕೊನೆಯವೂ ಸವೆದ ಮುದಿ ಆನೆಗೆ ಮೇವನ್ನು ಅಗಿಯುವುದೇ ಕಷ್ಟವಾಗುತ್ತದೆ. ‘ತಿಂದದ್ದು ಏನಾಗುತ್ತದೆ?’ ಎಂಬ ಪ್ರಶ್ನೆಗೆ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಅತ್ಯಂತ ಆಸಕ್ತಿಯಿಂದ ಓದುವುದೂ ಅದರ ಉತ್ತರವನ್ನೇ. ಆನೆ ಹಸುವಿನಂತೆ ಮೆಲುಕು ಹಾಕುವುದಿಲ್ಲ, ತಿಂದ ಮೇವಿನಲ್ಲಿ ಅರ್ಧದಷ್ಟೂ ಅದರ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ, ಲದ್ದಿಯೊಂದಿಗೆ ಹೊರಬಿದ್ದ ಬೀಜಗಳಲ್ಲಿ ಹಲವು ಬೇರೆಡೆ ಮೊಳೆಯುತ್ತವೆ. ಜೀರ್ಣವಾಗುವುದು ಇಷ್ಟು ಕಡಿಮೆಯಾದ್ದರಿಂದಲೇ ಅದು ದಿನದ ಹೆಚ್ಚಿನ ಹೊತ್ತು ಮೇಯುತ್ತಿರಬೇಕು ಎಂದು ಎರಡು ಉತ್ತರಗಳನ್ನು ಮಗು ತಾನಾಗಿ ಜೋಡಿಸಿದರೆ, ಯೋಜನೆಯ ಕೆಲಸ ಅಲ್ಲಿ ನಡೆಯಿತೆಂದೇ ಅರ್ಥ.

ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಎಂಬ ವಿಂಗಡಣೆ ಯೋಜನೆಯ ಆರಂಭಕ್ಕೆ ಅಗತ್ಯ, ಆದರೆ ಅಲ್ಲಿಗೇ ನಿಲ್ಲಬಾರದು. ದೈತ್ಯ ಪಾಂಡಾ ಕರಡಿಗಳ ಕುಟುಂಬಕ್ಕೆ ಸೇರಿದ ಪ್ರಾಣಿ, ಅದರ ಕರುಳೂ ಮಾಂಸಾಹಾರಿಗಳ ಕರುಳಿನಂತೆ ಗಿಡ್ಡ. ಹಾಗಿದ್ದರೂ ಅದರ ಆಹಾರ ಬಹುತೇಕ ಪೂರ್ತಿ ಬಿದಿರು. ಕಪ್ಪೆಯ ಗೊದಮೊಟ್ಟೆಗಳು ಹೆಚ್ಚಾಗಿ ಪಾಚಿಯನ್ನು ತಿಂದು ಬೆಳೆಯುತ್ತವೆ. ಬೆಳೆದ ಕಪ್ಪೆಗಳು ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುತ್ತವೆ. ‘ಮರಿಯಾಗಿದ್ದಾಗ ಏನು ತಿನ್ನುತ್ತದೆ?’, ‘ಎಲ್ಲ ಕಾಲದಲ್ಲೂ ಅದೇ ಸಿಗುತ್ತದೆಯೇ?’ ಎಂಬ ಎರಡು ಪ್ರಶ್ನೆಗಳನ್ನು ಯಾವ ಪ್ರಾಣಿಯ ಹಾಳೆಯಲ್ಲಾದರೂ ಸೇರಿಸಬಹುದು.

ಪ್ರಶ್ನೆಗಳ ಎದುರು ಬರೆಯುವ ಟಿಪ್ಪಣಿ ಪೂರ್ಣ ವಾಕ್ಯವಾಗಿರಬಾರದು. ‘ಸೊಂಡಿಲು – ನೀರು ಎಳೆದು – ಬಾಯಿಗೆ’ ಎಂದಷ್ಟೇ ಗುರುತು ಹಾಕಿಕೊಂಡ ಮಗು ವರದಿ ಬರೆಯುವಾಗ ತನ್ನದೇ ವಾಕ್ಯವನ್ನು ಕಟ್ಟುತ್ತದೆ. ಪುಸ್ತಕದ ವಾಕ್ಯವನ್ನು ಹಾಗೆಯೇ ಇಳಿಸಿಕೊಂಡಿದ್ದರೆ ಅದನ್ನೇ ಮತ್ತೆ ನಕಲು ಮಾಡುತ್ತದೆ. ಯಾವ ಪುಸ್ತಕ, ಎಷ್ಟನೆಯ ಪುಟ ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳುವುದನ್ನು ಚಿಕ್ಕಂದಿನಲ್ಲೇ ರೂಢಿ ಮಾಡಿಸಬೇಕು, ಮುಖ್ಯವಾಗಿ ಅಂಕಿಗಳಿಗಾಗಿ. ಆನೆ ದಿನಕ್ಕೆ ತಿನ್ನುವ ಮೇವು ಒಂದು ಪುಸ್ತಕದಲ್ಲಿ 100 ಕಿಲೋ ಎಂದೂ ಇನ್ನೊಂದರಲ್ಲಿ 150 ಕಿಲೋ ಎಂದೂ ಇರಬಹುದು. ಮಕ್ಕಳು ಆಗ ‘ಯಾವುದು ಸರಿ?’ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಸಮಯ ಕೊಡಬೇಕು. ಆನೆಯ ಜಾತಿ, ವಯಸ್ಸು, ಗಾತ್ರ, ಸಿಗುವ ಮೇವು ಇವೆಲ್ಲವನ್ನೂ ಅವಲಂಬಿಸಿ ಪ್ರಮಾಣ ಬದಲಾಗುತ್ತದೆ ಎಂಬುದನ್ನು ಚರ್ಚಿಸಿದರೆ, ‘ಬೆಳೆದ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವನ್ನು ತಿನ್ನಬಲ್ಲದು’ ಎಂಬ ಎಚ್ಚರದ ವಾಕ್ಯದಲ್ಲಿ ‘ಬೆಳೆದ’, ‘ಸುಮಾರು’, ‘ಬಲ್ಲದು’ ಎಂಬ ಮೂರು ಮಾತುಗಳು ಏಕೆ ಇವೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ.

ಬಿಡುವುದನ್ನು ಕಲಿಸುವುದು ಇವೆಲ್ಲಕ್ಕಿಂತ ಕಷ್ಟದ ಕೆಲಸ. ಓದುತ್ತಾ ಹೋದಂತೆ ಆನೆಯ ನೆನಪಿನ ಶಕ್ತಿ, ಆಯುಷ್ಯ, ಕಿವಿಯ ಅಗಲ ಎಲ್ಲವೂ ಸಿಗುತ್ತವೆ, ಮತ್ತು ಸಿಕ್ಕಿದ್ದನ್ನು ಬಿಡಲು ಮಕ್ಕಳಿಗೆ ಮನಸ್ಸಾಗುವುದಿಲ್ಲ. ಇದಕ್ಕಾಗಿ ಹಾಳೆಯ ಒಂದು ಮೂಲೆಯನ್ನು ‘ಬೇರೆ ವರದಿಗೆ’ ಎಂದು ಮೀಸಲಿಡುವುದು ಒಳ್ಳೆಯದು; ಹಾಗೆ ಮಾಡಿದರೆ ಓದಿದ್ದು ವ್ಯರ್ಥವಾಯಿತೆಂಬ ಬೇಸರ ಮಗುವಿಗೆ ಆಗುವುದಿಲ್ಲ. ದಂತ ಎಲ್ಲಿಗೆ ಸೇರಬೇಕು ಎಂಬುದು ತರಗತಿಯಲ್ಲಿ ಚರ್ಚಿಸಲು ಯೋಗ್ಯವಾದ ಉದಾಹರಣೆ. ದಂತದ ಉದ್ದ ಆ ಮೂಲೆಗೆ ಹೋಗಬೇಕು. ಆನೆ ದಂತದಿಂದ ಮರದ ತೊಗಟೆಯನ್ನು ಸುಲಿಯುತ್ತದೆ, ನೆಲವನ್ನು ಅಗೆಯುತ್ತದೆ ಎಂಬ ಸಂಗತಿ ಮಾತ್ರ ‘ಹೇಗೆ ತಿನ್ನುತ್ತದೆ?’ ಎಂಬ ಪ್ರಶ್ನೆಯ ಎದುರು ನಿಲ್ಲಬೇಕು. ಒಂದೇ ವಸ್ತುವಿನ ಬಗೆಗಿನ ಎರಡು ಸಂಗತಿಗಳಲ್ಲಿ ಒಂದು ಒಳಗೆ, ಇನ್ನೊಂದು ಹೊರಗೆ ಎಂದು ಕಾರಣ ಸಹಿತ ಹೇಳಬಲ್ಲ ಮಗು ಯೋಜನೆಯ ತಿರುಳನ್ನು ಹಿಡಿದಿದೆ.

‘ನನಗೆ ಇಷ್ಟ’, ‘ಮುದ್ದಾಗಿದೆ’ ಎಂಬಂಥ ಮಾತುಗಳು ವರದಿಯಲ್ಲಿ ಬರುವುದಿಲ್ಲ, ಒಂದು ನಿರ್ದಿಷ್ಟ ಆನೆಯ ಕಥೆಯೂ ಬರುವುದಿಲ್ಲ. ‘ಆನೆಗಳು ತಿನ್ನುತ್ತವೆ’ ಎಂದು ಇಡೀ ಜಾತಿಗೆ ಅನ್ವಯಿಸುವಂತೆ ಬರೆಯುವುದು ಪದ್ಧತಿ. ಉತ್ತರಗಳೆಲ್ಲ ಸಿಕ್ಕ ಮೇಲೆ ಪ್ರಶ್ನೆಗಳಿಗೆ ಕ್ರಮಸಂಖ್ಯೆ ಕೊಡಿಸಿ, ಪ್ರತಿಯೊಂದರ ಉತ್ತರವನ್ನು ಹಾಳೆ ನೋಡದೆ ಒಂದೆರಡು ವಾಕ್ಯಗಳಲ್ಲಿ ಜೊತೆಗಾರರಿಗೆ ಹೇಳಿಸಬೇಕು. ಎಲ್ಲಿ ಮಾತು ತಡವರಿಸುತ್ತದೆಯೋ ಅಲ್ಲಿ ಇನ್ನಷ್ಟು ಓದಬೇಕಾಗಿದೆ ಎಂಬುದು ಮಗುವಿಗೇ ತಿಳಿಯುತ್ತದೆ, ಮತ್ತು ಆ ಪ್ರಶ್ನೆಯ ಎದುರು ಇನ್ನೊಂದು ಟಿಪ್ಪಣಿ ಸೇರಿದ ಬಳಿಕ ಕರಡನ್ನು ಆರಂಭಿಸಬಹುದು.