ಬೆಳಿಗ್ಗೆ ಮುಚ್ಚದ ಮುಷ್ಟಿ

ನಮ್ಮ ಚಿಕ್ಕಮ್ಮನಿಗೆ ಬೆಳಿಗ್ಗೆ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ಮುಷ್ಟಿ ಕಟ್ಟಿದರೆ ಬೆರಳ ತುದಿ ಅಂಗೈಗೆ ತಾಗುತ್ತಿರಲಿಲ್ಲ. ಹತ್ತು ಗಂಟೆ ದಾಟಿದರೆ ಕೈ ಸಲೀಸು. "ವಾಯು ಕಣೇ, ಬದನೆಕಾಯಿ, ಆಲೂಗಡ್ಡೆ ಬಿಡು" ಅಂದರು ಎಲ್ಲರೂ. ಬಿಟ್ಟರು. ಎಂಟು ತಿಂಗಳು ಸುಮ್ನೆ ಹೋಯಿತು. ಅದು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುರೋಗ. ಬದನೆಕಾಯಿಗೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ನೋವಿಗಿಂತ ಹೊತ್ತನ್ನು ಗಮನಿಸಬೇಕು. ವಯಸ್ಸಾಗಿ ಸವೆದ ಮಂಡಿ ನಡೆದಷ್ಟೂ ನೋಯುತ್ತದೆ, ಕೂತರೆ ಹಗುರ. ಇದು ತಿರುಗಾಮುರುಗಾ. ಮಲಗಿ ಎದ್ದಾಗಲೇ ಜಾಸ್ತಿ, ಓಡಾಡಿದರೆ ಕಡಿಮೆ. ಬಿಗಿತ ಅರ್ಧ ಗಂಟೆ, ಎಷ್ಟೋ ಜನರಿಗೆ ಒಂದು ಗಂಟೆಗೂ ಮೇಲೆ ಇರುತ್ತದೆ.

ಯಾಕೆ ಬೆಳಿಗ್ಗೆಯೇ? ಕೀಲಿನ ಒಳಗೆ ಒಂದು ತೆಳು ಪೊರೆ ಇದೆ. ದೇಹದ ರಕ್ಷಣಾ ವ್ಯವಸ್ಥೆ ಅದನ್ನೇ ಶತ್ರು ಅಂದುಕೊಂಡು ಮೇಲೆ ಬೀಳುತ್ತದೆ. ಪೊರೆ ಊದಿಕೊಂಡು ಕೀಲು ಮಳೆಗಾಲದ ಬಾಗಿಲಿನಂತೆ ಸಿಕ್ಕಿಕೊಳ್ಳುತ್ತದೆ. ಉರಿ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಏರುವುದು ಬೆಳಗಿನ ಜಾವ. ಉರಿ ಆರಿಸುವ ಕಾರ್ಟಿಸಾಲ್ ಕೂಡ ಆ ಹೊತ್ತಿಗೇ ಏರುತ್ತದೆ, ಆದರೆ ಸಾಲುವುದಿಲ್ಲ. ಒಲೆ ಧಗಧಗ ಉರಿಯುವಾಗ ಚೊಂಬಿನಲ್ಲಿ ನೀರು ಚಿಮುಕಿಸಿದ ಹಾಗೆ. ಜೊತೆಗೆ ರಾತ್ರಿಯೆಲ್ಲ ಅಲ್ಲಾಡದ ಕೀಲು ತಣ್ಣಗಾದ ಬೆಲ್ಲದ ಪಾಕ. ಕದಡಿದರೆ ತಾನೇ ಸಡಿಲವಾಗುವುದು!

ಈ ನೀರಿನ, ಅಂದರೆ ಉರಿ ಆರಿಸುವ ಮದ್ದಿನ, ಗುಟ್ಟು ಹಿಡಿದ ಕಥೆ ನನಗೆ ಬಲು ಇಷ್ಟ. ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್, ಬಸಿರಾದಾಗ ಈ ರೋಗ ತಗ್ಗುವುದನ್ನು ಗಮನಿಸಿದರು. ದೇಹವೇ ಏನೋ ಮದ್ದು ತಯಾರಿಸುತ್ತಿದೆ, ಅಲ್ವಾ? 1948ರಲ್ಲಿ ಒಬ್ಬ ಹೆಂಗಸಿಗೆ ಕಾರ್ಟಿಸಾಲ್ ಬಳಗದ್ದೇ ಆದ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಚುಚ್ಚಿದರು. ನಡೆಯಲು ಒದ್ದಾಡುತ್ತಿದ್ದವಳು ಕೆಲವೇ ದಿನಗಳಲ್ಲಿ ನಡೆದಾಡಿದಳು. 1950ರಲ್ಲಿ ನೊಬೆಲ್ ಬಂತು. ಆಮೇಲೆ ಅದರ ಅಡ್ಡಪರಿಣಾಮಗಳೂ ತಿಳಿದವು. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ನೋವು ಓಡಿಸಿದರೆ ನನಗೆ ಭಯವಾಗುವುದು ಅದಕ್ಕೇ. ಅದರೊಳಗೆ ಸ್ಟೆರಾಯ್ಡ್ ಬೆರೆಸಿರಬಹುದು.

ಸಾಮಾನ್ಯವಾಗಿ ಮೊದಲು ಹಿಡಿಯುವುದು ಸಣ್ಣ ಕೀಲುಗಳನ್ನು. ಬೆರಳಿನ ಬುಡ, ನಡುಗೆಣ್ಣು, ಮಣಿಕಟ್ಟು, ಹೆಚ್ಚಾಗಿ ಎರಡೂ ಕಡೆ. ಉಗುರಿನ ಪಕ್ಕದ ಗೆಣ್ಣನ್ನು ಬಹುತೇಕ ಬಿಟ್ಟುಬಿಡುತ್ತದೆ. ಕೈಕುಲುಕಿದರೆ ಜೀವ ಹೋದಂತೆ ನೋವು. ಬೆಳಿಗ್ಗೆ ಅಂಗಾಲಿನ ಮುಂಭಾಗ ಊರಿದರೆ ಹರಳುಕಲ್ಲಿನ ಮೇಲೆ ನಿಂತ ಹಾಗೆ. ಜೊತೆಗೆ ಸುಸ್ತು.

ಚಿಕನ್‌ಗುನ್ಯಾ ನಂತರವೂ ಹೀಗಾಗಬಹುದು. ಆದರೂ ಊತ ಆರು ವಾರ ದಾಟಿದರೆ ಕಾಯಬೇಡಿ, ಕೀಲುರೋಗದ ತಜ್ಞರಾದ ರುಮಟಾಲಜಿಸ್ಟ್ ಹತ್ತಿರ ಹೋಗಿ. ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಆರ್‌ಎ ಫ್ಯಾಕ್ಟರ್ ಇಲ್ಲ ಅಂದಮಾತ್ರಕ್ಕೆ ರೋಗವಿಲ್ಲ ಅಂತಲ್ಲ. ಶುರುವಿನಲ್ಲಿ ಎಕ್ಸ್‌ರೇ ಕೂಡ ಚೊಕ್ಕವಾಗಿರಬಹುದು. ಚಿಕ್ಕಮ್ಮ ಈಗ ವಾರಕ್ಕೊಮ್ಮೆ ರೋಗ ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಾರೆ, ಬಟ್ಟೆ ಹಿಂಡುತ್ತಾರೆ. ಆ ಎಂಟು ತಿಂಗಳಲ್ಲಿ ವಾಲಿದ ಎರಡು ಬೆರಳು ಮಾತ್ರ ನೆಟ್ಟಗಾಗಲಿಲ್ಲ.