ಮಗುವಿನ ಹಲ್ಲು ಕಣಿಲೆಯಲ್ಲ

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನಮ್ಮ ತೋಟದ ಬೇಲಿ ಪಕ್ಕದ ಬಿದಿರು ಮೆಳೆಯಲ್ಲಿ ಕಣಿಲೆ, ಅಂದರೆ ಬಿದಿರಿನ ಮೊಳಕೆ, ಏಳುತ್ತದೆ. ಸಂಜೆ ನೋಡಿದರೆ ಬರೀ ಮಣ್ಣು. ಬೆಳಿಗ್ಗೆ ಹೋದರೆ ಮಣ್ಣು ಬಿರಿದು ಚೂಪು ತುದಿ ಹೊರಗೆ ಬಂದಿರುತ್ತದೆ. ಕಳೆದ ವರ್ಷ ಅದೇ ದಿನಗಳಲ್ಲಿ ನನ್ನ ತಂಗಿ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಸೋಮವಾರಪೇಟೆಯಿಂದ ಬಂದಳು. ಮಗು ಮೂರು ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು ಒಸಡು ಮುಟ್ಟಿ ನೋಡಿದರು. "ಕಣಿಲೆ ಮಣ್ಣು ಸೀಳೋ ಹಾಗೆ ಹಲ್ಲು ಮಾಂಸ ಸೀಳ್ತಾ ಇದೆ, ಅಳದೆ ಇರುತ್ತಾ?" ಅಂದರು.

ಹೋಲಿಕೆ ಚೆನ್ನಾಗಿದೆ. ಆದರೆ ತಪ್ಪು. ನನಗೆ ಈ ತಪ್ಪಿನ ಮೇಲೆ ಬಹಳ ದಿನದಿಂದ ಬೇಸರವಿದೆ. ಯಾಕೆಂದರೆ ಹಲ್ಲು ಮಾಂಸವನ್ನು ಸೀಳಿಕೊಂಡು ಬರುತ್ತದೆ ಎಂದು ನಂಬಿದವರು ಮಗುವಿಗೆ ಏನೇನೋ ಮಾಡಿದ್ದಾರೆ. ಈಗಲೂ ಮಾಡುತ್ತಿದ್ದಾರೆ. ನಿಜವಾಗಿ ಅಲ್ಲಿ ನಡೆಯುವುದು ಇದಕ್ಕಿಂತ ಎಷ್ಟೋ ಸೊಗಸಾದ ಕೆಲಸ.

ಹಲ್ಲು ದವಡೆಯೊಳಗೆ ಒಂದು ಸಣ್ಣ ಚೀಲದಲ್ಲಿ ಕೂತಿರುತ್ತದೆ. ಈ ಚೀಲಕ್ಕೆ ಡೆಂಟಲ್ ಫಾಲಿಕಲ್ ಎಂದು ಹೆಸರು. ಹಲ್ಲಿನ ಮೇಲೆ ಮೂಳೆ ಇರುತ್ತದೆ, ಮೂಳೆಯ ಮೇಲೆ ಒಸಡು. ಹಾಗಾದರೆ ಹಲ್ಲನ್ನು ಮೇಲೆ ತಳ್ಳುವುದು ಯಾವುದು? ಬೇರು ಬೆಳೆದು ತಳ್ಳುತ್ತದೆ ಎಂದು ಕೆಲವರು ಹೇಳಿದರು. ಕೆಳಗಿನ ರಕ್ತದ ಒತ್ತಡ ಎಂದು ಇನ್ನು ಕೆಲವರು. 1980ರ ದಶಕದಲ್ಲಿ ಡೊನಾಲ್ಡ್ ಕಾಹಿಲ್ ಮತ್ತು ಸ್ಯಾಂಡಿ ಮಾರ್ಕ್ಸ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಮರಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಚೀಲದೊಳಗಿನ ಹಲ್ಲನ್ನು ತೆಗೆದು ಅದೇ ಆಕಾರದ ಲೋಹದ ಅಥವಾ ಸಿಲಿಕೋನ್ ತುಂಡು ಇಟ್ಟರು. ಚೀಲವನ್ನು ಹಾಗೇ ಬಿಟ್ಟರು. ಆ ಜೀವವಿಲ್ಲದ ತುಂಡು ಹಲ್ಲಿನಂತೆಯೇ ಮೇಲೆ ಬಂತು! ಚೀಲವನ್ನು ತೆಗೆದು ಹಲ್ಲನ್ನು ಮಾತ್ರ ಬಿಟ್ಟಾಗ ಅದು ಅಲ್ಲೇ ಉಳಿಯಿತು. ಕಾಹಿಲ್ ಅದಕ್ಕೂ ಮೊದಲು ಹಲ್ಲನ್ನು ತಂತಿಯಿಂದ ಕೆಳಗೆ ಕಟ್ಟಿಹಾಕಿ ನೋಡಿದ್ದರು. ಹಲ್ಲು ಅಲ್ಲಾಡಲಿಲ್ಲ. ಆದರೂ ಅದರ ಮೇಲಿನ ಮೂಳೆಯಲ್ಲಿ ದಾರಿ ತೆರೆದುಕೊಂಡಿತ್ತು.

ಅಂದರೆ ದಾರಿ ಮಾಡುವುದು ಹಲ್ಲಲ್ಲ, ಚೀಲ. ಅದು ರಾಸಾಯನಿಕ ಸಂದೇಶ ಕಳಿಸಿ ಆಸ್ಟಿಯೊಕ್ಲಾಸ್ಟ್ ಎಂಬ ಜೀವಕಣಗಳನ್ನು ಕರೆಸುತ್ತದೆ. ಇವು ಮೂಳೆಗೆ ಅಂಟಿ ಕೂತು, ಆಮ್ಲ ಸುರಿದು, ಮೂಳೆಯನ್ನು ಚೂರು ಚೂರೇ ಕರಗಿಸುತ್ತವೆ. ಅದೇ ಹೊತ್ತಿಗೆ ಹಲ್ಲಿನ ಕೆಳಗೆ ಹೊಸ ಮೂಳೆ ತುಂಬುತ್ತಾ ಬರುತ್ತದೆ. ತೋಟದ ದಾರಿಯನ್ನೇ ನೋಡಿ. ಮಳೆಗಾಲ ಮುಗಿದ ಮೇಲೆ ಆಳುಗಳು ಕತ್ತಿ ಹಿಡಿದು ಲಂಟಾನ ಸವರುತ್ತಾರೆ, ಆಮೇಲೆ ಜೀಪು ಬರುತ್ತದೆ. ಜೀಪು ಪೊದೆಗೆ ಗುದ್ದಿ ದಾರಿ ಮಾಡುವುದಿಲ್ಲ. ಐನ್‌ಮನೆಗೆ, ಅಂದರೆ ಕುಟುಂಬದ ಮೂಲಮನೆಗೆ, ನೆಂಟರು ಬಂದಾಗ ಬಾಗಿಲು ಒಡೆದು ಒಳಗೆ ಬರುತ್ತಾರಾ? ಒಳಗಿನವರು ಅಗುಳಿ ತೆಗೆಯುತ್ತಾರೆ. ಗದ್ದೆಯಲ್ಲೂ ಅಷ್ಟೇ. ಬದುವಿನ ಬಾಯಿ ಬಿಡಿಸಿದರೆ ನೀರು ತಾನಾಗಿ ಕೆಳಗಿನ ಮಡಿಗೆ ಇಳಿಯುತ್ತದೆ. ಆಸ್ಟಿಯೊಪೆಟ್ರೋಸಿಸ್ ಎಂಬ ಅಪರೂಪದ ಕಾಯಿಲೆಯಲ್ಲಿ ಈ ಮೂಳೆ ಕರಗಿಸುವ ಕಣಗಳು ಕೆಲಸ ಮಾಡುವುದಿಲ್ಲ. ಅಂಥ ಮಕ್ಕಳಲ್ಲಿ ಹಲ್ಲುಗಳು ದವಡೆಯೊಳಗೇ ಸಿಕ್ಕಿಕೊಳ್ಳುತ್ತವೆ. ಹಲ್ಲು ಎಷ್ಟೇ ಗಟ್ಟಿಯಾಗಿರಲಿ, ಬಾಗಿಲು ತೆರೆಯುವವರು ಬೇಕು.

ಕೊನೆಯ ಹಂತ ನನಗೆ ಎಲ್ಲಕ್ಕಿಂತ ಇಷ್ಟ. ಹಲ್ಲಿಗೆ ಹೊದಿಕೆಯಾಗಿರುವ ಕಣಗಳ ಪದರ ಒಸಡಿನ ಪದರವನ್ನು ಮುಟ್ಟುತ್ತದೆ. ಎರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ನಡುವಿನ ಕಣಗಳು ತಾವಾಗಿ ಸಾಯುತ್ತವೆ. ಸುತ್ತಲೂ ಚರ್ಮದಂಥ ಗೋಡೆಯಿರುವ ಒಂದು ಸುರಂಗ ಸಿದ್ಧವಾಗುತ್ತದೆ. ಹಲ್ಲು ಆ ಸುರಂಗದಲ್ಲಿ ಹೊರಗೆ ಬರುತ್ತದೆ. ಅದಕ್ಕೇ ಸಾಮಾನ್ಯವಾಗಿ ರಕ್ತ ಬರುವುದಿಲ್ಲ. ಸೀಳಿದ ಗಾಯವಾಗಿದ್ದರೆ ಇಪ್ಪತ್ತು ಹಾಲುಹಲ್ಲಿಗೆ ಇಪ್ಪತ್ತು ಸಲ ಬಾಯಿ ತುಂಬ ರಕ್ತ ಕಾಣಬೇಕಿತ್ತು, ಅಲ್ವಾ?

ಇಷ್ಟಾದರೂ ಮಗುವಿಗೆ ಏನೂ ಅನಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಈ ಕೆಲಸದಲ್ಲಿ ಬಳಕೆಯಾಗುವ ಕೆಲವು ಸಂದೇಶ ರಾಸಾಯನಿಕಗಳು ಉರಿಯೂತಕ್ಕೂ ಕಾರಣವಾಗುತ್ತವೆ. ಒಸಡು ಕೆಂಪಗಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಮಗು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಅಷ್ಟು ನಿಜ.

ಆದರೆ ಹಳೆಯ ಕಾಲದವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಗ್ರೀಸಿನ ಪ್ರಾಚೀನ ವೈದ್ಯ ಹಿಪೊಕ್ರೇಟಿಸನ ಹೆಸರಿನ ಸೂತ್ರಗಳಲ್ಲಿ ಹಲ್ಲು ಬರುವಾಗ ಜ್ವರ, ಭೇದಿ, ಸೆಳೆತ ಎಲ್ಲ ಬರುತ್ತವೆ ಎಂದಿದೆ. 16ನೇ ಶತಮಾನದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಎಂಟು ತಿಂಗಳ ಒಂದು ಸತ್ತ ಮಗುವನ್ನು ಪರೀಕ್ಷಿಸಿದ. ಸಾವಿಗೆ ಬೇರೆ ಕಾರಣ ಕಾಣಲಿಲ್ಲ. ಊದಿದ ಒಸಡನ್ನು ಕೊಯ್ದಾಗ ಕೆಳಗೆ ಹಲ್ಲುಗಳು ಸಿದ್ಧವಾಗಿ ನಿಂತಿದ್ದವು. ಮೊದಲೇ ಕೊಯ್ದಿದ್ದರೆ ಮಗು ಉಳಿಯುತ್ತಿತ್ತು ಎಂದು ಅವನು ತೀರ್ಮಾನಿಸಿದ. ಹಲ್ಲು ಸೀಳುತ್ತದೆ ಎಂದು ನಂಬಿದವನಿಗೆ ನಾವೇ ಸೀಳಿಕೊಡೋಣ ಅನಿಸುವುದು ಸಹಜ. ಮುಂದೆ ಸುಮಾರು ಮುನ್ನೂರು ವರ್ಷ ಯುರೋಪಿನ ವೈದ್ಯರು ಮಕ್ಕಳ ಒಸಡನ್ನು ಚಾಕುವಿನಿಂದ ಕೊಯ್ದರು. 1839ರ ಅಧಿಕೃತ ಲೆಕ್ಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 5,016 ಸಾವುಗಳಿಗೆ ಹಲ್ಲು ಹುಟ್ಟುವುದೇ ಕಾರಣ ಎಂದು ಬರೆದಿದ್ದಾರೆ. ಪಾಪ, ಆ ಮಕ್ಕಳು ಸೋಂಕಿನಿಂದಲೋ ಭೇದಿಯಿಂದಲೋ ಹೋಗಿರಬೇಕು.

ಆಮೇಲೆ ಪುಡಿಗಳು ಬಂದವು. ಹಲ್ಲುಪುಡಿ ಅಂದರೆ ಉಜ್ಜುವುದಲ್ಲ, ಹಲ್ಲು ಬರುವ ಮಗುವಿಗೆ ತಿನ್ನಿಸುವ ಪುಡಿ. ಅದರಲ್ಲಿ ಪಾದರಸದ ಲವಣ ಇರುತ್ತಿತ್ತು. ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ ಮಕ್ಕಳು ನರಳುತ್ತಿದ್ದರು. ಅದಕ್ಕೆ ಗುಲಾಬಿ ಕಾಯಿಲೆ ಎಂದೇ ಹೆಸರಾಯಿತು. 1939ರಿಂದ 1948ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೇ 585 ಮಕ್ಕಳು ಇದರಿಂದ ತೀರಿಕೊಂಡರು. 1948ರ ಸುಮಾರಿಗೆ ಅಮೆರಿಕದ ಯೋಸೆಫ್ ವಾರ್ಕಾನಿ ಮತ್ತು ಅವರ ಜೊತೆಗಾರರು ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಕಂಡುಹಿಡಿದರು. ಪುಡಿಯಿಂದ ಪಾದರಸ ತೆಗೆದ ಮೇಲೆ ಕಾಯಿಲೆಯೂ ಹೆಚ್ಚುಕಡಿಮೆ ಮಾಯವಾಯಿತು.

ನಮ್ಮ ಆಯುರ್ವೇದದ ವಾಗ್ಭಟನೂ ಹಲ್ಲು ಹುಟ್ಟುವುದು ಎಲ್ಲ ರೋಗಕ್ಕೂ ಕಾರಣ ಎಂದೇ ಹೇಳಿದ್ದಾನೆ. ಆದರೆ ಅಷ್ಟಾಂಗ ಹೃದಯದಲ್ಲಿ ಅದರ ಜೊತೆಗೇ ಇನ್ನೊಂದು ಮಾತಿದೆ. ಹಲ್ಲು ಬರುವಾಗಿನ ತೊಂದರೆಗೆ ಮಗುವನ್ನು ಅತಿಯಾಗಿ ಕಟ್ಟುಪಾಡಿಗೆ ಹಾಕಬೇಡಿ, ಹಲ್ಲು ಬಂದ ಮೇಲೆ ಅವು ತಾವಾಗಿಯೇ ಇಳಿಯುತ್ತವೆ ಎಂದು. ಆ ಎರಡನೇ ಮಾತಿಗೆ ನಾನು ಕೈಮುಗಿಯುತ್ತೇನೆ.

ಹಾಗಾದರೆ ಜ್ವರ ಎಲ್ಲಿಂದ ಬರುತ್ತದೆ? ಹುಟ್ಟುವ ಮೊದಲು ತಾಯಿಯಿಂದ ಮಗುವಿಗೆ ರಕ್ಷಣೆಯ ಪ್ರತಿಕಾಯಗಳು ಹೋಗಿರುತ್ತವೆ. ಅವು ಸುಮಾರು ಮೂರು ವಾರಕ್ಕೊಮ್ಮೆ ಅರ್ಧವಾಗುತ್ತಾ ಆರು ತಿಂಗಳ ಹೊತ್ತಿಗೆ ತೀರಾ ಕಡಿಮೆಯಾಗುತ್ತವೆ. ಮೊದಲ ಹಲ್ಲು ಬರುವುದೂ ಆಗಲೇ. ಮಗು ಅಂಬೆಗಾಲಿಟ್ಟು ನೆಲದ ಮೇಲಿನದ್ದನ್ನೆಲ್ಲ ಬಾಯಿಗೆ ಹಾಕುವುದೂ ಆಗಲೇ. ಮೂರೂ ಒಟ್ಟಿಗೆ ಬರುತ್ತವೆ. ನಾವು ಕಣ್ಣಿಗೆ ಕಾಣುವ ಹಲ್ಲಿನ ಮೇಲೆ ತಪ್ಪು ಹೊರಿಸುತ್ತೇವೆ. 2000ನೇ ಇಸವಿಯಲ್ಲಿ ಮೆಲ್ಬರ್ನ್‌ನಲ್ಲಿ 21 ಮಕ್ಕಳ ಮೈಬಿಸಿಯನ್ನು ದಿನಾ ಅಳೆದು, 90 ಹಲ್ಲು ಹುಟ್ಟಿದ್ದನ್ನು ದಾಖಲಿಸಿದರು. ಹಲ್ಲಿಗೂ ಜ್ವರಕ್ಕೂ ಸಂಬಂಧ ಸಿಗಲಿಲ್ಲ. ಅದೇ ವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದರು. ಕಿರಿಕಿರಿ, ಜೊಲ್ಲು, ಕಚ್ಚುವುದು, ಮೈ ಸ್ವಲ್ಪ ಬೆಚ್ಚಗಾಗುವುದು ಇವೆಲ್ಲ ಕಂಡವು. ಅದೂ ಹಲ್ಲು ಕಾಣುವ ನಾಲ್ಕು ದಿನ ಮೊದಲಿನಿಂದ ಮೂರು ದಿನ ನಂತರದವರೆಗೆ ಮಾತ್ರ. ಜೋರು ಜ್ವರ ಆ ಪಟ್ಟಿಯಲ್ಲಿ ಇರಲಿಲ್ಲ.

ನನ್ನ ಮಗಳಿಗೆ ಒಂಬತ್ತು ತಿಂಗಳಿದ್ದಾಗ ಮೂರು ದಿನ 103 ಡಿಗ್ರಿ ಜ್ವರ ಬಂತು. ಮನೆಯವರೆಲ್ಲ ಹಲ್ಲು ಅಂದರು. ನಾನೂ ಒಪ್ಪಿಕೊಂಡು ಕಾದೆ. ನಾಲ್ಕನೇ ದಿನ ಜ್ವರ ಬಿಟ್ಟು ಮೈಯೆಲ್ಲ ಗುಲಾಬಿ ಬಣ್ಣದ ದದ್ದು ಎದ್ದಿತು. ಅದು ರೋಸಿಯೋಲಾ, ಒಂದು ವೈರಸ್ ಸೋಂಕು. ಅದು ಹಗುರವಾಗಿ ಹೋಯಿತು. ಆದರೆ ಕಿವಿಯ ಅಥವಾ ಮೂತ್ರದ ಸೋಂಕಾಗಿದ್ದರೆ ಆ ಮೂರು ದಿನ ಬಹಳ ದುಬಾರಿಯಾಗುತ್ತಿತ್ತು. 100.4 ಡಿಗ್ರಿ ದಾಟಿದರೆ ಹಲ್ಲನ್ನು ಮರೆತು ಬೇರೆ ಕಾರಣ ಹುಡುಕಬೇಕು. ಮೂರು ತಿಂಗಳೊಳಗಿನ ಕೂಸಾದರೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಭೇದಿಯೂ ಹಲ್ಲಿನದಲ್ಲ. ಓಆರ್‌ಎಸ್ ಕೊಡಬೇಕು, ಹಾಲು ನಿಲ್ಲಿಸಬಾರದು, ಸತುವಿನ ಔಷಧಿಯ ಬಗ್ಗೆ ಡಾಕ್ಟರನ್ನು ಕೇಳಬೇಕು.

ಇನ್ನು ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಎಂಬ ಮಾತು. ಬಹಳ ಮಕ್ಕಳಿಗೆ ಕೆಳಗಿನ ನಡುವಿನ ಎರಡು ಹಲ್ಲು ಮೊದಲು ಬರುತ್ತವೆ, ಕೆಲವರಿಗೆ ಮೇಲಿನವು. ಯಾವ ಚೀಲ ಮೊದಲು ಸಂದೇಶ ಕಳಿಸಿತೋ ಆ ಬಾಗಿಲು ಮೊದಲು ತೆರೆಯಿತು, ಅಷ್ಟೆ. ಸುಮ್ನೆ ತವರುಮನೆಯವರ ಮನಸ್ಸು ಕೆಡಿಸಬೇಡಿ.

ರಾತ್ರಿಯ ವಿಷಯಕ್ಕೆ ಬರುತ್ತೇನೆ. ಅಮೆರಿಕದ ವಿಲಿಯಂ ಪ್ರಾಫಿಟ್ ಮತ್ತು ಜೊತೆಗಾರರು 1990ರ ದಶಕದಲ್ಲಿ ದೊಡ್ಡ ಮಕ್ಕಳ ಶಾಶ್ವತ ಹಲ್ಲುಗಳನ್ನು ರಾತ್ರಿಯಿಡೀ ಸೂಕ್ಷ್ಮವಾಗಿ ಅಳೆದರು. ಹಲ್ಲು ಮೇಲೇಳುವುದು ಹೆಚ್ಚಾಗಿ ರಾತ್ರಿ ಎಂಟರಿಂದ ಮಧ್ಯರಾತ್ರಿಯ ಸುಮಾರಿಗೆ! ಹಗಲಲ್ಲಿ ಹೆಚ್ಚುಕಡಿಮೆ ನಿಂತಿರುತ್ತದೆ. ಇದನ್ನು ಓದಿದಾಗ ನನಗೆ ಮತ್ತೆ ಕಣಿಲೆ ನೆನಪಾಯಿತು. ಆದರೆ ಕೂಸುಗಳ ರಾತ್ರಿ ಅಳುವಿಗೆ ಇದೇ ಕಾರಣ ಎಂದು ಹೇಳಿಬಿಡುವುದು ಸರಿಯಲ್ಲ. ಆ ಚಲನೆ ಕೂದಲೆಳೆಯ ದಪ್ಪದಷ್ಟು. ತೊಟ್ಟಿಲ ಮೇಲೆ ಕ್ಯಾಮೆರಾ ಇಟ್ಟು ನೋಡಿದ ಇತ್ತೀಚಿನ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಪೋಷಕರು ಹಲ್ಲಿನಿಂದ ನಿದ್ದೆ ಕೆಡುತ್ತದೆ ಎಂದರು. ಕ್ಯಾಮೆರಾ ಮಾತ್ರ ಹಲ್ಲು ಬರುವ ರಾತ್ರಿಗೂ ಉಳಿದ ರಾತ್ರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ತೋರಿಸಲಿಲ್ಲ. ಎಂಟು ತಿಂಗಳ ಮಗುವಿಗೆ ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಎಂಬುದು ಗೊತ್ತಾಗತೊಡಗಿರುತ್ತದೆ. ನಿದ್ದೆಯ ಸುತ್ತು ಒಂದು ಗಂಟೆಯೊಳಗೆ ಮುಗಿದು ಅರೆಎಚ್ಚರವಾದಾಗ ಅವಳನ್ನು ಹುಡುಕುತ್ತದೆ. ಹಲ್ಲು ಬಂದ ಮೇಲೂ ಇದು ನಡೆಯುತ್ತದೆ.

ತಂಗಿಯ ಮಗುವಿಗೆ ನಾವು ಮಾಡಿದ್ದು ಇಷ್ಟೇ. ಕೈ ಚೆನ್ನಾಗಿ ತೊಳೆದು ಬೆರಳಿನಿಂದ ಒಸಡನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಉಜ್ಜಿದೆವು. ನೋವಿನ ಸುದ್ದಿ ಹೋಗುವ ದಾರಿಯಲ್ಲಿ ಒತ್ತಡದ ಸುದ್ದಿಯೂ ನುಗ್ಗಿದರೆ ನೋವು ಹಿಂದೆ ಉಳಿಯುತ್ತದೆ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಇದಕ್ಕೆ ಗೇಟ್ ಸಿದ್ಧಾಂತ ಎಂದರು. ಮೊಣಕೈ ತಾಗಿದಾಗ ನಾವು ಉಜ್ಜಿಕೊಳ್ಳುವುದೂ ಅದಕ್ಕೇ. ತಂಪೂ ಸಹಾಯ ಮಾಡುತ್ತದೆ. ಆ ವಾರ ಕರೆಂಟು ಇರಲಿಲ್ಲ. ಆದರೆ ಮಳೆಗಾಲದ ಬಾವಿ ನೀರೇ ಕೊರೆಯುತ್ತಿರುತ್ತದೆ. ಆ ನೀರನ್ನು ಕುದಿಸಿ ಆರಿಸಿ, ಪಾತ್ರೆಯನ್ನು ಬಾವಿ ನೀರಿನ ಬಕೆಟಿನಲ್ಲಿ ಇಟ್ಟು, ಶುಚಿಯಾದ ಬಟ್ಟೆ ಅದ್ದಿ ಕಚ್ಚಲು ಕೊಟ್ಟೆವು. ಫ್ರಿಜ್ ಇದ್ದರೆ ಮಗು ಕಚ್ಚುವ ರಬ್ಬರ್ ಬಳೆಯನ್ನು ಅದರಲ್ಲಿಡಬಹುದು, ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿದ್ದು ಒಸಡಿಗೆ ಗಾಯ ಮಾಡುತ್ತದೆ. ಗಲ್ಲದ ಮೇಲೆ ಜೊಲ್ಲು ನಿಲ್ಲದಂತೆ ಒರೆಸಿ ತುಸು ಕೊಬ್ಬರಿ ಎಣ್ಣೆ ಹಚ್ಚಿದೆವು. ದೀಪ ಸಣ್ಣಗೆ ಮಾಡಿ, ದಿನಾ ಹಾಡುವ ಜೋಗುಳವನ್ನೇ ಅದೇ ಹೊತ್ತಿಗೆ ಹಾಡಿ, ಅಂಗಾತ ಮಲಗಿಸಿದೆವು. ಒಂದು ರಾತ್ರಿ ಮಾತ್ರ ಪ್ಯಾರಸಿಟಮಾಲ್ ಬೇಕಾಯಿತು, ಅದೂ ಡಾಕ್ಟರ್ ತೂಕ ನೋಡಿ ಹೇಳಿದ ಅಳತೆಯಲ್ಲಿ. ಇಲ್ಲಿ ಒಂದು ಎಚ್ಚರ ಬೇಕು. ನಮ್ಮಲ್ಲಿ ಸಿಗುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿಲಿಗೇ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್ಪಿನಲ್ಲಿ 5 ಮಿಲಿಗೆ 120, 125 ಅಥವಾ 250. ಸಿರಪ್ಪಿನ ಚಮಚದಲ್ಲಿ ಡ್ರಾಪ್ಸ್ ತುಂಬಿಸಿದರೆ ಅಪಾಯ.

ಅಜ್ಜಿ ಬಹಳ ಪ್ರೀತಿಯಿಂದ ಜೇನು ತಂದಿದ್ದರು. ಕೊಡಗಿನ ಜೇನಿನ ಬಗ್ಗೆ ನನಗೂ ಅಷ್ಟೇ ಅಭಿಮಾನ. ಆದರೆ ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿಯೂ ಕೂಡದು. ಜೇನಿನಲ್ಲಿ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ನಮ್ಮ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತವೆ, ಸ್ನಾಯುಗಳು ಸೋಲುತ್ತವೆ, ಉಸಿರಾಟವೂ ಕಷ್ಟವಾಗುತ್ತದೆ. ಕುದಿಸಿದರೂ ಬೀಜಕಣ ಸಾಯುವುದಿಲ್ಲ. ಒಸಡಿಗೆ ಬ್ರಾಂದಿ, ರಮ್ ಒರೆಸುವುದೂ ಬೇಡ. ಅದು ಕೂಸಿನ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಲವಂಗದ ಎಣ್ಣೆ ಬಾಯಿ ಸುಡುತ್ತದೆ, ನುಂಗಿದರೆ ವಿಷ. ಮರಗಟ್ಟಿಸುವ ಜೆಲ್‌ಗಳ ಮೇಲೂ ನನಗೆ ಸಿಟ್ಟಿದೆ. ಬೆಂಜೊಕೇನ್ ಇರುವವು ರಕ್ತ ಆಮ್ಲಜನಕ ಹೊರದಂತೆ ಮಾಡಬಹುದು. ತುಟಿ ನೀಲಿಯಾಗುತ್ತದೆ. ಎರಡು ವರ್ಷದೊಳಗಿನವರಿಗೆ ಬಳಸಬೇಡಿ ಎಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದರು. ನೋವು ಕಳೆಯುತ್ತದೆ ಎಂದು ಮಾರುವ ಅಂಬರ್ ಮಣಿ ಸರಕ್ಕೂ ಅದೇ ವರ್ಷ ಎಚ್ಚರಿಕೆ ಬಂತು. ಮಲಗಿದ ಮಗುವಿನ ಕುತ್ತಿಗೆಯಲ್ಲಿ ಯಾವ ಸರವೂ ದಾರವೂ ಇರಬಾರದು.

ಅಜ್ಜಿ ಕೇಳಿಸಿಕೊಂಡರು. ಜೇನು ಬಾಟಲಿಯನ್ನು ತಂಗಿಯ ಕೈಗೆ ಕೊಟ್ಟು "ನೀನು ತಿನ್ನು" ಅಂದರು. ಐದನೇ ಬೆಳಿಗ್ಗೆ ಕೆಳಗಿನ ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಅಂಚು ಕಂಡಿತು. ಒಂದು ಹನಿ ರಕ್ತ ಇರಲಿಲ್ಲ. ಅದರ ಕೆಳಗೆ, ಮಗುವಿಗೆ ನಾಲ್ಕು ತಿಂಗಳಾಗುವ ಹೊತ್ತಿಗೇ, ಇನ್ನೊಂದು ಹಲ್ಲು ಗಟ್ಟಿಯಾಗಲು ಶುರುವಾಗಿದೆ. ಆರೇಳು ವರ್ಷಕ್ಕೆ ಅದರ ಚೀಲವೂ ಸಂದೇಶ ಕಳಿಸುತ್ತದೆ. ಆಗ ಬರುವ ಕಣಗಳು ಈ ಹಾಲುಹಲ್ಲಿನ ಬೇರನ್ನೇ ಕರಗಿಸುತ್ತವೆ. ಅದಕ್ಕೇ ಬಿದ್ದ ಹಾಲುಹಲ್ಲನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಬೇರೇ ಇರುವುದಿಲ್ಲ.